ಅಂಬಾಸಡರ್ ಕೆಳಗೆ ಒಂದು ತೊಟ್ಟು ಎಣ್ಣೆ

ಕಲ್ಲುಚಪ್ಪಡಿಯ ಮೇಲೆ ಒಲೆಯ ಬೂದಿ ಸುರಿದು, ತೆಂಗಿನ ನಾರಿನ ಉಂಡೆಯಲ್ಲಿ ರಾಮಾಂಜಿನಪ್ಪ ಉಜ್ಜುತ್ತಿದ್ದ. ಬೂದಿ ಎಣ್ಣೆ ಹೀರಿ ಕರಿ ಹಿಟ್ಟಾಗಿತ್ತು. ಅದನ್ನು ತಗಡಿನ ಚೂರಿನಿಂದ ಕೆರೆದು ಬಕೆಟ್ಟಿಗೆ ಹಾಕಿದ, ಇನ್ನೊಂದು ಹಿಡಿ ಸುರಿದ, ಮತ್ತೆ ಉಜ್ಜಿದ. ಕಲೆ ಅಲ್ಲೇ ಇತ್ತು. ನಿನ್ನೆಗಿಂತ ಅಂಗೈಯಗಲ ಹೆಚ್ಚೇ ಹರಡಿತ್ತು.

"ಇನ್ನೂ ಎಷ್ಟು ಬೂದಿ ಬೇಕು ನಿಮಗೆ?" ನೀರಿನ ಚೊಂಬು ಹಿಡಿದು ಹೊಸಲಲ್ಲಿ ನಿಂತಿದ್ದ ಹೆಂಡತಿ ಲಕ್ಕಮ್ಮ ಕೇಳಿದಳು. "ಇರೋದೊಂದು ನೀರೊಲೆ. ನಿಮಗೆ ಬೂದಿ ಆಗ್ಲಿ ಅಂತ ನಾನು ದಿನಕ್ಕೆರಡು ಸಲ ಸ್ನಾನ ಮಾಡ್ಲಾ?"

"ನೀನು ರಂಗೋಲಿ ಬಿಡೋಕೆ ಜಾಗ ಮಾಡ್ತಾ ಇದ್ದೀನಿ ಕಣೆ."

"ರಂಗೋಲೀನ ಆ ಮೂಲೆಗೆ ಓಡಿಸಿ ಎಷ್ಟು ಕಾಲ ಆಯ್ತು! ಈಗ ಜಾಗ ಮಾಡ್ತಾರಂತೆ."

ರಾಮಾಂಜಿನಪ್ಪ ಮತ್ತೆ ನಾರಿನ ಉಂಡೆ ಕೈಗೆತ್ತಿಕೊಂಡ. ತಲೆಯ ಪಕ್ಕದಲ್ಲೇ ಅಪ್ಪನ ಬಿಳಿ ಅಂಬಾಸಡರ್ ನಿಂತಿತ್ತು, ತನಗೂ ಈ ಜಗಳಕ್ಕೂ ಸಂಬಂಧವೇ ಇಲ್ಲ ಎನ್ನುವ ಹಾಗೆ. ಅದರ ಹೊಟ್ಟೆಯಡಿಯಿಂದ ಒಂದು ತೊಟ್ಟು ಎಣ್ಣೆ ಇಳಿದು, ಈಗಷ್ಟೇ ಉಜ್ಜಿದ ಕಲ್ಲಿನ ಮೇಲೆ ಟಪ್ಪೆಂದು ಬಿತ್ತು. ಹಿಂದೆಯೇ ಇನ್ನೊಂದು.

ಅಪ್ಪ ಪಿಳ್ಳಣ್ಣ ಆ ಕಾರನ್ನು ಬಾಡಿಗೆಗೆ ಓಡಿಸುತ್ತಿದ್ದ ಕಾಲದಲ್ಲಿ ದೊಡ್ಡಬಳ್ಳಾಪುರದ ಎಷ್ಟೋ ಮಗ್ಗಗಳ ಸೀರೆ ಅದರ ಡಿಕ್ಕಿಯಲ್ಲೇ ಚಿಕ್ಕಪೇಟೆಗೆ ಹೋಗುತ್ತಿತ್ತು. ಅಪ್ಪ ಹೋದ ಮೇಲೆ ಇಬ್ಬರು ಗಂಡುಮಕ್ಕಳಲ್ಲಿ ಕಾರು ಕಿರಿಯವನ ಪಾಲಿಗೆ ಬಂತು. ಹಿರಿಯವನು ವೆಂಕಟರಾಯಪ್ಪ ಹೊಸಕೋಟೆಯಾಚೆ ನಂದಗುಡಿಯಲ್ಲಿ ಮನೆ ಮಾಡಿಕೊಂಡಿದ್ದ. ಅಲ್ಲಿ ಕಾರು ನಿಲ್ಲಿಸಲು ನೆರಳಿರಲಿಲ್ಲ. ಹೊರಡುವ ದಿನ ಅವನು ಬಾನೆಟ್ಟಿನ ಮೇಲೆ ಕೈಯಿಟ್ಟು, "ಮಗ್ಗ ಅಲ್ಲ ಕಣೋ ಇದು, ರಾಮಾಂಜಿ. ಮುಟ್ಟೋಕೆ ಮುಂಚೆ ಒಂದ್ಸಲ ಯೋಚ್ನೆ ಮಾಡು" ಅಂದಿದ್ದ. ಅಕ್ಕರೆಯಿಂದಲೇ ಅಂದಿದ್ದಿರಬೇಕು. ಆದರೆ ರಾಮಾಂಜಿನಪ್ಪನಿಗೆ ಅದು ಅಂಗಾಲಿಗೆ ಹೊಕ್ಕ ಮುಳ್ಳಿನ ಹಾಗೆ ಒಳಗೇ ಉಳಿದುಬಿಟ್ಟಿತು.

ಅವನು ಪವರ್‌ಲೂಮ್ ಮಗ್ಗಗಳ ರಿಪೇರಿ ಮಾಡುವ ಮೇಸ್ತ್ರಿ. ಬೀದಿಗೆ ಬೀದಿಯೇ ಅವನ ಕೈಗುಣವನ್ನು ನಂಬಿತ್ತು. ಆದರೆ ಕೂತಲ್ಲಿ ಕೂರುವ ಜಾಯಮಾನ ಅವನದಲ್ಲ. ಊಟಕ್ಕೆ ಕೂತರೂ ಎಡಗೈ ತಟ್ಟೆಯ ಅಂಚನ್ನು ತಿರುವುತ್ತಿರುತ್ತಿತ್ತು. ಮಗ್ಗದ ಕೆಲಸದಲ್ಲಿ ಎಣ್ಣೆಯೇ ಶತ್ರು. ಒಂದು ತೊಟ್ಟು ರೇಷ್ಮೆಯ ಮೇಲೆ ಬಿದ್ದರೆ ಸೀರೆಗೆ ಸೀರೆಯೇ ಹಾಳು. ಎಲ್ಲಿ ಎಣ್ಣೆ ಕಂಡರೂ ಅಲ್ಲಿ ಬಿಗಿ ಮಾಡು, ಒರೆಸು, ಬಟ್ಟೆ ಕಟ್ಟು: ಅವನು ಹದಿವಯಸ್ಸಿನಿಂದ ಕಲಿತ ವಿದ್ಯೆ ಇದು. ಅದೇ ವಿದ್ಯೆಯನ್ನು ಕಾರಿನ ಮೇಲೂ ತೋರಿಸಿದ್ದ. ಇಂಜಿನ್ನಿನ ತಲೆಯ ಮೇಲಿನ ಟ್ಯಾಪೆಟ್ ಕವರಿನ ನಟ್ಟು ಬಿಗಿ ಮಾಡಿದ. ಪಕ್ಕದ ಮುಚ್ಚಳ ಬಿಚ್ಚಿ ಹೊಸ ಪ್ಯಾಕಿಂಗ್ ಹಾಕಿದ. ಪೇಸ್ಟು ಮೆತ್ತಿದ. ಒಂದು ಕಡೆ ನಿಂತರೆ ಇನ್ನೊಂದು ಕಡೆ ಸೋರುತ್ತಿತ್ತು.

ಬರೀ ಸೋರಿಕೆಯಾಗಿದ್ದರೆ ಲಕ್ಕಮ್ಮನ ಬಾಯಿಗೆ ಹೆದರಿ ಸುಮ್ಮನಿದ್ದುಬಿಡಬಹುದಿತ್ತು. ಅದಕ್ಕೊಂದು ಕಾಗದ ಗಂಟುಬಿದ್ದಿತ್ತು. ವೆಂಕಟರಾಯಪ್ಪನಿಗೆ ಕಿವಿ ಕೇಳಿಸದೆ ಬಹಳ ಕಾಲವಾಗಿತ್ತು. ಫೋನು ಅವನಿಗೆ ಕೈಯಲ್ಲಿ ಹಿಡಿದ ಕಲ್ಲು. ಹೇಳುವುದನ್ನೆಲ್ಲ ಕಾಗದದಲ್ಲೇ ಹೇಳುವವನು. ಹೋದ ವರ್ಷದ ಯುಗಾದಿಗೆ ಮುಂಚೆ ಬರೆದಿದ್ದ: ಕಿವಿ ಹೋಯಿತು, ಈಗ ಕಣ್ಣೂ ಮಂಜಾಗುತ್ತಿದೆ, ಕಾಣುವಷ್ಟರಲ್ಲಿ ಅಪ್ಪನ ಕಾರಿನ ಮುಂದಿನ ಸೀಟಿನಲ್ಲಿ ಕೂತು ದೇವನಹಳ್ಳಿ ರಸ್ತೆಯಲ್ಲಿ ಒಂದು ಸಲ ಹೋಗಬೇಕು, ಕಾರು ಹೇಗಿದೆ, ಯಾವಾಗ ಬರುತ್ತೀ, ಬರೆ.

ರಾಮಾಂಜಿನಪ್ಪ ಬರೆಯಲು ಕೂತ. 'ಕಾರು ಚೆನ್ನಾಗಿದೆ' ಎಂದು ಬರೆದು ತಲೆಯೆತ್ತಿದರೆ ಕಿಟಕಿಯಾಚೆ ಚಪ್ಪಡಿಯ ಮೇಲೆ ಕಲೆ. ಹರಿದುಹಾಕಿದ. 'ಸ್ವಲ್ಪ ಕೆಲಸ ಇದೆ' ಎಂದು ಬರೆದ. ಮಗ್ಗ ಅಲ್ಲ ಕಣೋ ಇದು ಎಂಬ ಮಾತು ನೆನಪಾಗಿ ಅದನ್ನೂ ಹರಿದ. ನಿಲ್ಲಲಿ, ಪೂರ್ತಿ ನಿಂತ ದಿನ ಬರೆಯುತ್ತೇನೆ ಅಂದುಕೊಂಡ. ಯುಗಾದಿ ಹೋಯಿತು, ದಸರಾ ಹೋಯಿತು, ಇನ್ನೊಂದು ಯುಗಾದಿಯೂ ಹೋಯಿತು.

ನಿನ್ನೆ ಸಂಜೆ ಅಣ್ಣನ ಮಗ ಬೈರೇಶ್ ಫೋನ್ ಮಾಡಿದ್ದ.

"ಚಿಕ್ಕಪ್ಪಾ, ಅಪ್ಪಂಗೆ ಬಲಗಣ್ಣು ಪೂರ್ತಿ ಹೋಯ್ತು. ಎಡಗಣ್ಣೂ ಜಾಸ್ತಿ ದಿನ ಇಲ್ಲ ಅಂತ ಡಾಕ್ಟ್ರು ಹೇಳವ್ರೆ."

"ಅಯ್ಯೋ... ಆಪರೇಷನ್ನು?"

"ಆಗಲ್ವಂತೆ. ನರದ್ದಂತೆ. ಪೋಸ್ಟ್‌ಮ್ಯಾನ್ ಬರೋ ಹೊತ್ತಿಗೆ ಈಗ್ಲೂ ಬಾಗ್ಲಿಗೆ ಬಂದು ನಿಂತ್ಕೋತಾನೆ ಚಿಕ್ಕಪ್ಪ. ಅವ್ರು ಇಲ್ಲ ಅಂತ ಕೈ ಆಡ್ಸಿ ಹೋಗ್ತಾರೆ. ನೀನು ಏನಾದ್ರೂ ಹೇಳು, ನಾನೇ ಚೀಟೀಲಿ ಬರ್ದು ತೋರಿಸ್ತೀನಿ."

"ಬೇಡ ಕಣಪ್ಪ. ಅವನು ಕಾಗದ ಬರೆದವ್ನೆ, ಅವನಿಗೆ ಕಾಗದನೇ ಬರ್ಬೇಕು. ಬರೀತೀನಿ."

ಆಮೇಲೆ ಅವನಿಗೆ ನಿದ್ದೆ ಹತ್ತಲಿಲ್ಲ. ಬೆಳಗಾಗುತ್ತಲೇ ನುಂಗಲಾರದ್ದನ್ನು ನುಂಗಿಕೊಂಡು ಅಬ್ದುಲ್ ರಜಾಕನಿಗೆ ಫೋನ್ ಮಾಡಿದ್ದ. ರಜಾಕ್ ಅವನ ಜೊತೆ ಮಿಡ್ಲ್ ಸ್ಕೂಲಿನಲ್ಲಿ ಓದಿದವನು, ಹಳೆ ಬಸ್ ಸ್ಟ್ಯಾಂಡಿನ ಹಿಂದೆ ಗ್ಯಾರೇಜು ಇಟ್ಟವನು. ಹೋದ ವರ್ಷ ಅವನು, ಒಂದು ವಾರ ಕಾರು ನನ್ನ ಹತ್ತಿರ ಬಿಡು, ನೀನು ಆ ಕಡೆ ತಲೆ ಹಾಕಬೇಡ ಅಂದಿದ್ದ. ರಾಮಾಂಜಿನಪ್ಪ ಒಪ್ಪಿ ಬಿಟ್ಟು, ಮಾರನೆಯ ದಿನವೇ ತಡೆಯಲಾರದೆ ಹೋಗಿ ವಾಪಸ್ ತಂದಿದ್ದ.

ಬೂದಿಯ ಬಕೆಟ್ಟು ಎತ್ತಿಡುವಷ್ಟರಲ್ಲಿ ರಜಾಕನ ಮೊಪೆಡ್ಡು ಗೇಟಿನ ಮುಂದೆ ಬಂದು ಕೆಮ್ಮಿ ನಿಂತಿತು.

"ಏನಪ್ಪಾ ಮೇಸ್ತ್ರಿ, ಕೊನೆಗೂ ನೆನಪಾಯ್ತಾ ಬಡವನ ಗ್ಯಾರೇಜು?"

"ಬೇಗ ಬಾರೋ. ಇಂಜಿನ್ ಹಿಂದ್ಗಡೆ ಆಯಿಲ್ ಸೀಲು ಹೋಗೈತೆ. ನಂಗೊತ್ತು, ಹಿಂದ್ಗಡೆ ಸೀಲೇ. ಗೇರ್‌ಬಾಕ್ಸ್ ಇಳಿಸ್ಬಿಡು."

"ಟೀ ಐತಾ?"

"ಲೇ, ಗೇರ್‌ಬಾಕ್ಸ್ ಅಂದ್ರೆ ಟೀ ಅಂತೀಯಲ್ಲೋ!"

"ಗೇರ್‌ಬಾಕ್ಸ್ ಎಲ್ಲಿಗೂ ಓಡಲ್ಲ ಯಾರ್. ಟೀ ಆರೋಗುತ್ತೆ. ತಂಗೀ, ಸಕ್ಕರೆ ಕಮ್ಮಿ!"

ರಜಾಕ್ ಟೀ ಕುಡಿದ. ಲೋಟ ತೊಳೆದಿಟ್ಟ. ಆಮೇಲೆ ಬಾನೆಟ್ಟು ಎತ್ತಿ, ಸಂತೆಯಲ್ಲಿ ದನ ನೋಡುವವನ ಹಾಗೆ ಸುತ್ತಲೂ ನೋಡಿದ. ಇಂಜಿನ್ನಿನ ಕೆಳಭಾಗವೆಲ್ಲ ಎಣ್ಣೆ ಮಣ್ಣು ಮೆತ್ತಿಕೊಂಡು ಕರಿ ಬೆಲ್ಲದ ಅಚ್ಚಿನಂತಿತ್ತು.

"ಎಲ್ಲಿ ಸೋರ್ತೈತೆ ಅಂತ ಇದರಲ್ಲಿ ನಿಮ್ಮ ತಾತ ಬಂದ್ರೂ ಹೇಳಕ್ಕಾಗಲ್ಲ," ಅಂದ. "ಎಣ್ಣೆ ಕೆಳಗಿಳೀತೈತೆ, ಫ್ಯಾನ್ ಗಾಳಿ ಅದನ್ನ ಹಿಂದಕ್ಕೆ ತಳ್ತೈತೆ. ಬೀಳೋ ಜಾಗ ಬೇರೆ, ಹೊರಡೋ ಜಾಗ ಬೇರೆ. ಮೊದ್ಲು ತೊಳೀಬೇಕು."

"ತೊಳೆಯೋದ್ರಲ್ಲೇ ಮಧ್ಯಾಹ್ನ ಆಗುತ್ತಲ್ಲೋ."

"ಆಗ್ಲಿ. ನಿಂಗೆ ಯಾವ ಮಗ್ಗ ಕಾಯ್ತಾ ಐತೆ?"

ಮಗ್ಗವಲ್ಲ, ಒಂದು ಕಣ್ಣು ಕಾಯುತ್ತಿದೆ ಎಂದು ಹೇಳಬೇಕೆನಿಸಿತು. ಹೇಳಿದ. ಬೈರೇಶನ ಫೋನು, ಬಾಗಿಲಿಗೆ ಬಂದು ನಿಲ್ಲುವ ಅಣ್ಣ, ಎಲ್ಲವನ್ನೂ ಹೇಳಿದ. ರಜಾಕ್ ಅಂಗಿಯ ತೋಳು ಮಡಚಿದ. "ಸರಿ, ಸೀಮೆಎಣ್ಣೆ ತತ್ತಾ" ಅಂದ. ಅವನ ಕೈ ಆಮೇಲೂ ಬೇಗ ಬೇಗ ಆಡಲಿಲ್ಲ.

ಬ್ರಷ್ಷು ಹಿಡಿದು ಇಬ್ಬರೂ ತೊಳೆದರು. ರಾಮಾಂಜಿನಪ್ಪ ಮಧ್ಯೆ ಮಧ್ಯೆ ಎದ್ದು ಗೇಟಿನ ತನಕ ಹೋಗಿ ಬಂದ, ಗಡಿಯಾರ ನೋಡಿ ಬಂದ. ಇಂಜಿನ್ನು ಒಣಗಿ ಬೂದುಬಣ್ಣಕ್ಕೆ ತಿರುಗಿದಾಗ ರಜಾಕ್ ಒಳಗೆ ಕೂಗಿದ.

"ತಂಗೀ, ಮುಖಕ್ಕೆ ಹಚ್ಕೊಳೋ ಪೌಡರ್ ಐತಾ?"

"ಯಾಕೆ ರಜಾಕಣ್ಣ, ಇದನ್ನ ನೋಡೋಕೆ ಗಂಡಿನ ಕಡೆಯೋರು ಬರ್ತಾರಾ?"

"ಇಷ್ಟೊಂದು ಕಣ್ಣೀರು ಹಾಕೋ ಹೆಣ್ಣನ್ನ ಯಾರು ಒಪ್ತಾರೆ!"

ಲಕ್ಕಮ್ಮ ಡಬ್ಬಿ ತಂದುಕೊಟ್ಟಳು. ರಜಾಕ್ ಅಂಗೈಗೆ ಪೌಡರ್ ಸುರಿದುಕೊಂಡು ಉಫ್ ಎಂದು ಊದಿದ. ಇಂಜಿನ್ನಿನ ಮೈಗೆಲ್ಲ ಬಿಳಿಯ ಪದರು ಕೂತಿತು, ಅಂಗಳದಲ್ಲಿ ಮಲ್ಲಿಗೆಯ ವಾಸನೆ ಹರಡಿತು. ಆಮೇಲೆ ಗಾಡಿ ಶುರು ಮಾಡಿಸಿದ.

"ಇನ್ನು ನೋಡ್ತಾ ನಿಂತ್ಕೊಳೋದು. ಒಣ ಪೌಡರ್ ಮೇಲೆ ಎಣ್ಣೆ ಎಲ್ಲಿಂದ ಹೊರಟ್ರೂ ಅಲ್ಲಿಂದ ಗೆರೆ ಬೀಳುತ್ತೆ. ನೀನು ಕೈ ಹಿಂದಕ್ಕೆ ಕಟ್ಕೋ."

"ನಾನೇನ್ ಮಾಡ್ದೆನೋ?"

"ಇನ್ನೂ ಮಾಡಿಲ್ಲ. ಅದಕ್ಕೇ ಕಟ್ಕೋ ಅಂದಿದ್ದು."

ರಾಮಾಂಜಿನಪ್ಪ ಮೇಷ್ಟರ ಮುಂದೆ ನಿಂತ ಹುಡುಗನಂತೆ ಕೈ ಹಿಂದೆ ಕಟ್ಟಿದ. ಬೆರಳುಗಳು ಬೆನ್ನ ಹಿಂದೆ ಒಂದನ್ನೊಂದು ಹಿಸುಕಿದವು. ಇಂಜಿನ್ನು ಬಿಸಿಯಾಯಿತು. ಮೊದಲು ಟ್ಯಾಪೆಟ್ ಕವರಿನ ಅಂಚಿನಲ್ಲಿ ಒಂದು ಕಪ್ಪು ಚುಕ್ಕೆ ಮೂಡಿತು. ಅವನು "ಅಗೋ!" ಅನ್ನುವಷ್ಟರಲ್ಲಿ ಪಕ್ಕದ ಮುಚ್ಚಳದಡಿ ಒಂದು ಗೆರೆ ಇಳಿಯಿತು. ಮುಂದಿನ ಚೈನ್ ಕವರಿನಲ್ಲಿ ಇನ್ನೊಂದು. ಹಿಂಭಾಗದಲ್ಲೂ ತೊಟ್ಟು ಕೂಡಿತು. ನೋಡನೋಡುತ್ತ ಬಿಳಿಯ ಮೈಮೇಲೆ ನಾಲ್ಕೂ ಕಡೆಯಿಂದ ಕಪ್ಪು ಇಳಿಯತೊಡಗಿತು.

ರಾಮಾಂಜಿನಪ್ಪ ಕಟ್ಟಿದ್ದ ಕೈ ಬಿಟ್ಟ. "ಇಂಜಿನ್ನೇ ಹೋಯ್ತೇನೋ?" ಅಂದ. ಇನ್ನೇನು ಬರೆಯುವುದು ಅಣ್ಣನಿಗೆ? ನೀನು ಹೇಳಿದ್ದೇ ಸರಿಯಾಯಿತು ಎಂದೇ?

ರಜಾಕ್ ಜೇಬಿನಿಂದ ಎಲೆಅಡಿಕೆಯ ಪೊಟ್ಟಣ ತೆಗೆದ. ಒಂದು ಎಲೆ ಆರಿಸಿ, ಎಣ್ಣೆ ಹುಯ್ಯುವ ಮೂತಿಯ ಮುಚ್ಚಳ ಬಿಚ್ಚಿ, ಅದರ ಮೇಲೆ ಎಲೆಯನ್ನಿಟ್ಟ. ಎಲೆ ಒಂದು ಕ್ಷಣ ನಿಂತು, ಹಿಂದೆಯೇ ಬುಸ್ಸೆಂದು ಬಂದ ಹೊಗೆಗೆ ಹಾರಿ ಲಕ್ಕಮ್ಮನ ಕಾಲ ಬಳಿ ಬಿತ್ತು.

"ಒಂದು ಕಡೆ ಸೋರಿದ್ರೆ ಆ ಜಾಗದ ತಪ್ಪು," ಅಂದ ರಜಾಕ್. "ಎಲ್ಲಾ ಕಡೆ ಒಟ್ಟಿಗೆ ಸೋರಿದ್ರೆ ಆ ಜಾಗಗಳ ತಪ್ಪಲ್ಲ. ಒಳಗಡೆ ಗಾಳಿ ಕಟ್ಕೊಂಡು ಎಣ್ಣೇನ ಆಚೆಗೆ ತಳ್ತಾ ಐತೆ. ಗಾಡಿ ಆಫ್ ಮಾಡು."

ಟಾರ್ಚು ಹಿಡಿದು, ಗೋಣಿಚೀಲ ಹಾಸಿ ಕಾರಿನಡಿಗೆ ತೂರಿದ. ಆಮೇಲೆ ಒಳಗಿನಿಂದ ನಗು ಕೇಳಿಸಿತು. ನಗು ಜೋರಾಗಿ ಕೆಮ್ಮಾಯಿತು. ತೆವಳಿಕೊಂಡು ಹೊರಗೆ ಬಂದಾಗ ರಜಾಕನ ಕೈಯಲ್ಲಿ ಹೆಬ್ಬೆರಳು ಗಾತ್ರದ ಒಂದು ಬಟ್ಟೆಯ ಬಿರಡೆ ಇತ್ತು. ಎಣ್ಣೆಯಲ್ಲಿ ನೆಂದು ಕಪ್ಪಾಗಿದ್ದರೂ, ಅದನ್ನು ಸುತ್ತಿ ಸುತ್ತಿ ಕಟ್ಟಿದ್ದ ರೇಷ್ಮೆ ಎಳೆಯ ಅಂದ ಕೆಟ್ಟಿರಲಿಲ್ಲ. ಎಳೆ ಕಡಿದಾಗ ಮಗ್ಗದವರು ಹಾಕುವ ಚಿಕ್ಕ, ಚಪ್ಪಟೆ ಗಂಟು.

"ಈ ಗಂಟು ಗ್ಯಾರೇಜಿನೋರು ಹಾಕಿದ್ದಲ್ಲ," ಅಂದ ರಜಾಕ್.

ರಾಮಾಂಜಿನಪ್ಪ ಬಿರಡೆಯನ್ನೇ ನೋಡಿದ. "ಅದನ್ಯಾಕೆ ತೆಗ್ದೆ? ಅಲ್ಲೊಂದು ಪೈಪಿನ ಬಾಯಲ್ಲಿ ಎಣ್ಣೆ ಜಿನುಗ್ತಿತ್ತು. ಎಲ್ಲಕ್ಕಿಂತ ಮೊದ್ಲು ಅದನ್ನೇ ಮುಚ್ಚಿದ್ದು. ಅದೊಂದು ಕಡೆ ಮಾತ್ರ ನಾನು ಪೂರ್ತಿ ನಿಲ್ಲಿಸಿದ್ದೆ ಕಣೋ!"

"ನಿಲ್ಲಿಸಿದ್ದೆ, ನಿಲ್ಲಿಸಿದ್ದೆ." ರಜಾಕ್ ಕಣ್ಣೊರೆಸಿಕೊಂಡ. "ಅದು ಬ್ರೀದರ್ ಪೈಪ್ ಕಣಪ್ಪಾ. ಇಂಜಿನ್ ಉಸಿರು ಬಿಡೋ ದಾರಿ. ಉಸಿರ ಜೊತೆ ಸ್ವಲ್ಪ ಎಣ್ಣೆ ಜಿನುಗ್ತೈತೆ, ಅದು ಖಾಯಿಲೆ ಅಲ್ಲ. ಮೇಲಿನ ರಬ್ಬರ್ ಪೈಪು ಮಸಿ ತುಂಬಿ ಯಾವತ್ತೋ ಕಟ್ಕೊಂಡೈತೆ. ಉಳಿದಿದ್ದು ಇದೊಂದೇ ದಾರಿ, ಇದಕ್ಕೂ ನೀನು ರೇಷ್ಮೆ ಬಿರಡೆ ಹೊಡ್ದೆ. ಒಳಗಿನ ಗಾಳಿ ಎಲ್ಲಿಗೆ ಹೋಗ್ಬೇಕು? ಸಂದಿ ಸಂದಿಯಿಂದ ಎಣ್ಣೇನ ನೂಕ್ಕೊಂಡು ಬಂತು."

"ಕುಕ್ಕರಿನ ವಿಷಲ್‌ಗೆ ಬಟ್ಟೆ ತುರುಕ್ದಂಗೆ ಅನ್ನಿ," ಅಂದಳು ಲಕ್ಕಮ್ಮ.

"ಹಂಗೇ ತಂಗಿ. ಸಿಡಿದು ತಲೆ ಮೇಲೆ ಬರ್ಲಿಲ್ಲ, ಪುಣ್ಯ."

ರಾಮಾಂಜಿನಪ್ಪ ಜಗುಲಿಯ ಮೇಲೆ ಕೂತುಬಿಟ್ಟ. ಇಷ್ಟು ಕಾಲ ಹಾಕಿದ ಪ್ಯಾಕಿಂಗು, ಮೆತ್ತಿದ ಪೇಸ್ಟು, ಹರಿದ ಕಾಗದ, ಬಾಗಿಲಲ್ಲಿ ನಿಂತ ಅಣ್ಣ, ಎಲ್ಲವೂ ತನ್ನ ಕೈಯ ಈ ಒಂದು ಅಂದದ ಗಂಟಿನಿಂದ. ನಾಚಿಕೆಗಿಂತ ಹೆಚ್ಚಾಗಿ ಅವನಿಗೆ ಕೈಕಾಲು ಆಡಿಸುವ ತವಕ ಹತ್ತಿತು. ಎದ್ದು ನಿಂತು, "ಮುಂದಿನ ಕೆಲಸ ಹೇಳೋ," ಅಂದ.

ಪೈಪಿನೊಳಗೆ ತಂತಿ ಆಡಿಸಿ ಮಸಿ ತೆಗೆದರು. ಮೇಲಿನ ರಬ್ಬರ್ ಪೈಪು ಕಿತ್ತು ಹೊಸ ತುಂಡು ಹಾಕಿದರು. ಟ್ಯಾಪೆಟ್ ಕವರು ಬಿಚ್ಚಿದಾಗ ಅದರ ಕಾರ್ಕ್ ಪ್ಯಾಕಿಂಗು ಹಪ್ಪಳದಂತೆ ಪುಡಿಯಾಗಿ ಉದುರಿತು.

"ನಿನ್ನ ಬಿಗಿತಕ್ಕೆ ಇದರ ಜೀವ ಹೋಗೈತೆ," ಅಂದ ರಜಾಕ್. ಬಾಗಿದ್ದ ಕವರಿನ ಅಂಚನ್ನು ಮರದ ಮೇಲಿಟ್ಟು ಮೆಲ್ಲಗೆ ತಟ್ಟಿ ನೇರ ಮಾಡಿ, ಹೊಸ ಪ್ಯಾಕಿಂಗು ಕೂರಿಸಿ, ಸ್ಪ್ಯಾನರನ್ನು ಗೆಳೆಯನ ಕೈಗೇ ಕೊಟ್ಟ. "ನೀನೇ ಹಾಕು. ಎರಡೇ ಬೆರಳು."

ರಾಮಾಂಜಿನಪ್ಪ ತಿರುವಿದ. ನಟ್ಟು ಕೂತಿತು.

"ಸಾಕು."

"ಇನ್ನರ್ಧ ಸುತ್ತು—"

"ಸಾಕು ಅಂದೆ."

"ಸಡ್ಲ ಇದ್ದಂಗೈತೆ ಕಣೋ."

"ಇರ್ಲಿ ಬಿಡೋ ಮಾರಾಯ! ಕೈ ತೆಗಿ."

ಕೈ ತೆಗೆಯುವುದು ಅವನಿಗೆ ಬೆಳಗಿನಿಂದ ಮಾಡಿದ ಎಲ್ಲ ಕೆಲಸಕ್ಕಿಂತ ಕಷ್ಟವಾಯಿತು. ತೆಗೆದ. ಗಾಡಿ ಶುರುವಾದಾಗ ರಜಾಕ್ ಇನ್ನೊಂದು ಎಲೆ ಆರಿಸಿ ಮೂತಿಯ ಮೇಲಿಟ್ಟ. ಎಲೆ ಅಂಚಿನಲ್ಲಿ ಸ್ವಲ್ಪ ನಡುಗಿತು, ಹಾರಲಿಲ್ಲ.

ಪೋಸ್ಟಾಫೀಸಿನ ತನಕ ಓಡಿಸಿ ನೋಡೋಣ ಎಂದು ಹೊರಟರು. ಲಕ್ಕಮ್ಮ ಸೆರಗು ಸರಿಮಾಡಿಕೊಂಡು ಬಂದು ಹಿಂದಿನ ಸೀಟಿನಲ್ಲಿ ಕೂತೇಬಿಟ್ಟಳು. "ಇಷ್ಟು ದಿನ ಬೂದಿ ಹೊತ್ತಿದ್ದೀನಿ. ಕೂರೋಕೆ ಹಕ್ಕಿಲ್ವಾ?" ಅಂದಳು. ಮಗ್ಗದ ಬೀದಿಗಳ ಖಟಖಟ ಸದ್ದಿನ ನಡುವೆ ಅಂಬಾಸಡರ್ ಹದವಾಗಿ ಸಾಗಿತು. ಒಂದು ಮನೆಯ ಬಾಗಿಲಲ್ಲಿ ಕೂತು ಕಂಡಿಕೆಗೆ ನೂಲು ಸುತ್ತುತ್ತಿದ್ದ ಬೈರಮ್ಮ, "ಏನ್ ಮೇಸ್ತ್ರಿ, ತೇರು ಹೊರಡ್ತಾ?" ಎಂದು ಕೂಗಿದಳು. ರಾಮಾಂಜಿನಪ್ಪನಿಗೆ ಕೇಳಿಸಲಿಲ್ಲ. ಅವನ ಕಿವಿಯೆಲ್ಲ ಇಂಜಿನ್ನಿನ ಕಡೆಗಿತ್ತು.

ಪೋಸ್ಟಾಫೀಸಿನ ಮುಂದೆ ಹೊಂಗೆಯ ನೆರಳಲ್ಲಿ ನಿಲ್ಲಿಸಿ, ಇಳಿದವನೇ ಕಾರಿನಡಿಗೆ ಹಳೆಯ ಪೇಪರ್ ತಳ್ಳಿದ. ಮಂಡಿಯೂರಿ ಕೂತು ನೋಡಿದ. ಒಂದು ತೊಟ್ಟೂ ಇಲ್ಲ. ಇನ್ನೂ ನೋಡಿದ. ಇಲ್ಲ. ಎದೆಯ ಭಾರ ಇಳಿದು ಇನ್ನೇನು ಏಳಬೇಕು, ಗೇರ್‌ಬಾಕ್ಸಿನ ಹತ್ತಿರ ಒಂದು ತೊಟ್ಟು ನಿಧಾನವಾಗಿ ದಪ್ಪವಾಗಿ, ಪೇಪರಿನ ಮೇಲೆ ಬಿತ್ತು.

"ಬಿತ್ತು!" ಅಂದ. "ರಜಾಕ, ಬಿತ್ತು. ಸ್ಪ್ಯಾನರ್ ಕೊಡು."

ರಜಾಕ್ ಬಗ್ಗಿ ನೋಡಿದ. "ಅಲ್ಲೊಂದು ತೂತು ಐತೆ ನೋಡು, ಅದರೊಳಗೊಂದು ಪಿನ್ನು. ಕಂಪನಿಯೋರೇ ಇಟ್ಟಿರೋ ತೂತು, ಎಣ್ಣೆ ಇಳಿದುಹೋಗ್ಲಿ ಅಂತ. ಈ ಇಂಜಿನ್ನಿಗೆ ಹಿಂದ್ಗಡೆ ಸೀಲೇ ಇಲ್ಲ. ಎಣ್ಣೇನ ವಾಪಸ್ ಎಳ್ಕೊಳೋಕೆ ಸುರುಳಿ ಗೆರೆ ಕೊರೆದವ್ರೆ, ಅಷ್ಟೇ. ಇಲ್ಲದ ಸೀಲಿಗೆ ನೀನು ಗೇರ್‌ಬಾಕ್ಸ್ ಇಳಿಸು ಅಂದೆ."

"ಮತ್ತೆ ಇದು ನಿಲ್ಲಲ್ವಾ?"

"ಕಮ್ಮಿ ಆಗುತ್ತೆ. ನಿಲ್ಲಲ್ಲ."

"ಅಪ್ಪನ ಕಾಲದಲ್ಲಿ?"

"ಅರೆ, ನಿಮ್ಮಪ್ಪ ಬಸ್ ಸ್ಟ್ಯಾಂಡಲ್ಲಿ ಗಾಡಿ ಹಾಕ್ತಿದ್ದ ಜಾಗಕ್ಕೆ ಬೇರೆ ಡ್ರೈವರ್‌ಗಳು ಬರ್ತಿರ್ಲಿಲ್ಲ. ಎಣ್ಣೆ ಕಲೆ ನೋಡಿ, ಇದು ಪಿಳ್ಳಣ್ಣನ ಜಾಗ ಅಂತ ಬಿಟ್ಟು ನಿಲ್ಲಿಸ್ತಿದ್ರು. ನಿಂಗೆ ಗೊತ್ತಿರ್ಲಿಲ್ವಾ?"

ಗೊತ್ತಿರಲಿಲ್ಲ. ಅಪ್ಪ ಗಾಡಿ ಓಡಿಸುತ್ತಿದ್ದ ಹೊತ್ತಿನಲ್ಲಿ ಅವನು ಯಾವುದಾದರೂ ಮಗ್ಗದಡಿ ಇರುತ್ತಿದ್ದ. ಆದರೂ ಮನಸ್ಸು ಒಪ್ಪಲಿಲ್ಲ. "ಇವತ್ತು ಬೇಡ," ಅಂದ, ಮಂಡಿಯ ಧೂಳು ಕೊಡವುತ್ತ. "ನಾಳೆ ಒಂದು ದಿನ ನೋಡೋಣ. ಒಂದು ಐಡಿಯಾ ಐತೆ, ಅಲ್ಲೊಂದು ಸಣ್ಣ—"

"ರೀ," ಎಂದಳು ಹಿಂದಿನ ಸೀಟಿನಿಂದ ಲಕ್ಕಮ್ಮ. ಅವಳು ಇಳಿದೇ ಇರಲಿಲ್ಲ. "ನಿಮ್ಮಣ್ಣ ಈ ಕಾರಿನ ಕೆಳಗೆ ಬಗ್ಗಿ ನೋಡೋಕೆ ಬರ್ತೀನಿ ಅಂದ್ರಾ, ಒಳಗೆ ಕೂರೋಕೆ ಬರ್ತೀನಿ ಅಂದ್ರಾ?"

ಅವನು ಪೇಪರಿನ ಮೇಲೆ ಇನ್ನೊಂದು ತೊಟ್ಟು ಬೀಳುವುದನ್ನು ನೋಡಿದ. ಆಮೇಲೆ ಬಗ್ಗಿ ನೋಡಲಿಲ್ಲ. ನೇರವಾಗಿ ಮೆಟ್ಟಿಲು ಹತ್ತಿ ಒಳಗೆ ಹೋದ.

ಕೌಂಟರಿನಲ್ಲಿ ಇನ್‌ಲ್ಯಾಂಡ್ ಲೆಟರ್ ಕೇಳಿದರೆ ಹುಡುಗಿ ಡ್ರಾಯರಿನ ತಳದಿಂದ ಹುಡುಕಿ ಕೊಟ್ಟಳು. ಗೋಡೆಗೆ ಹೊಂದಿಸಿದ ಮೇಜಿನ ಮೇಲೆ, ದಾರ ಕಟ್ಟಿದ ಪೆನ್ನಿನಲ್ಲಿ, ನಿಂತುಕೊಂಡೇ ಬರೆದ. ಒಂದೇ ಕಣ್ಣಿಗೆ ಕಾಣಬೇಕೆಂದು ಅಕ್ಷರವನ್ನು ಅಂಗಡಿ ಬೋರ್ಡಿನ ಹಾಗೆ ದಪ್ಪಗೆ ಬರೆದ.

'ಅಣ್ಣನಿಗೆ ರಾಮಾಂಜಿಯ ನಮಸ್ಕಾರ. ಕಾರು ಓಡುತ್ತದೆ. ನಾನೇ ಕೆಡಿಸಿದ್ದೆ, ರಜಾಕ್ ಸರಿಮಾಡಿದ. ಇನ್ನೂ ಒಂದೊಂದು ತೊಟ್ಟು ಎಣ್ಣೆ ಬೀಳುತ್ತದೆ, ಅದು ನಿಲ್ಲುವುದಿಲ್ಲವಂತೆ. ಈ ಕಾಗದ ಮುಟ್ಟಿದ ಮೇಲಿನ ಭಾನುವಾರ ಬರುತ್ತೇನೆ. ಮುಂದಿನ ಸೀಟು ನಿನಗೆ.'

ಜಾಗ ಅಷ್ಟಕ್ಕೇ ತುಂಬಿತು. ಮಡಿಸಿ, ಅಂಟು ಹಚ್ಚಿ, ವಿಳಾಸ ಬರೆದು ಹೊರಗೆ ಬಂದು, "ಭಾನುವಾರ ಬರ್ತೀನಿ ಅಂತ ಬರ್ದಿದ್ದೀನಿ," ಅಂದ.

"ಭಾನುವಾರದ ತನಕ ಯಾಕೋ?" ಎಂದ ರಜಾಕ್, ಬಾನೆಟ್ಟಿಗೆ ಒರಗಿ ಎಲೆ ಜಗಿಯುತ್ತ. "ಹಿಂಗೇ ಹೊರಟ್ರೆ ಸಂಜೆಗೆ ನಂದಗುಡಿ. ಕಾಗದಕ್ಕಿಂತ ಮುಂಚೆ ನಾವೇ ಇರ್ತೀವಿ."

"ಇಲ್ಲ. ಬಾಗ್ಲಲ್ಲಿ ನಿಂತಿರ್ತಾನೆ. ಒಂದಿನ ಆದ್ರೂ ಕಾಗದ ಅವನ ಕೈಗೆ ಸಿಗ್ಲಿ."

ಕೆಂಪು ಡಬ್ಬಿಯ ಬಾಯಿಗೆ ಕಾಗದ ತೂರಿಸಿದ. ಬೆರಳ ತುದಿಯಲ್ಲಿ ಅದು ಇನ್ನೂ ಸಿಕ್ಕುತ್ತಿತ್ತು. ಎಳೆದುಕೊಂಡರೆ ಬಂದುಬಿಡುತ್ತಿತ್ತು. ಮಣಿಕಟ್ಟಿನ ತನಕ ಕೈ ಇಳಿಸಿ ಬೆರಳು ಬಿಟ್ಟ. ಒಳಗೆಲ್ಲೋ ಕೆಳಗೆ, ಬೇರೆ ಕಾಗದಗಳ ಮೇಲೆ, ಅದು ಬಿದ್ದ ಸಣ್ಣ ಸದ್ದಾಯಿತು.